ಹಳೆಯ ಇಂಟರ್‌ಲಾಕಿಂಗ್ ಟವರಿನಲ್ಲಿ ಲಿವರ್ ಎಳೆಯುವ ಕ್ರಮ

ಅಮೆರಿಕದಲ್ಲಿ ಎರಡು ರೈಲು ಮಾರ್ಗಗಳು ಕೂಡುವ ಅಥವಾ ಒಂದನ್ನೊಂದು ದಾಟುವ ಕಡೆಗಳಲ್ಲಿ, ಹಳಿಗಳ ಪಕ್ಕದಲ್ಲೇ, ಎರಡು ಅಂತಸ್ತಿನ ಸಣ್ಣ ಕಟ್ಟಡವೊಂದು ಇರುತ್ತಿತ್ತು. ಅದರ ಮೇಲಂತಸ್ತಿನಲ್ಲಿ ಕುಳಿತ ಒಬ್ಬ ಆಪರೇಟರ್ ಸುತ್ತಲಿನ ಎಲ್ಲ ಪಾಯಿಂಟುಗಳನ್ನೂ (ಗಾಡಿಯನ್ನು ಒಂದು ಹಳಿಯಿಂದ ಇನ್ನೊಂದಕ್ಕೆ ತಿರುಗಿಸುವ ಚಲಿಸುವ ಹಳಿಗಳು) ಕೈಮರಗಳನ್ನೂ (ತೋಳಿನ ಸಿಗ್ನಲುಗಳು) ಅಲ್ಲಿಂದಲೇ ಲಿವರುಗಳಿಂದ ನಡೆಸುತ್ತಿದ್ದ. ಅಲ್ಲಿನವರು ಇದನ್ನು ಇಂಟರ್‌ಲಾಕಿಂಗ್ ಟವರ್ ಎನ್ನುತ್ತಾರೆ. ಒಂದಕ್ಕೊಂದು ವಿರುದ್ಧವಾದ ಲಿವರುಗಳು ಒಟ್ಟಿಗೆ ಚಲಿಸದಂತೆ ಬಂಧಿಸುವ ಏರ್ಪಾಡೇ ಇಂಟರ್‌ಲಾಕಿಂಗ್. ನಮ್ಮ ರೈಲ್ವೆಯಲ್ಲಿ ಇದೇ ಕೆಲಸದ ಕಟ್ಟಡಕ್ಕೆ ಕ್ಯಾಬಿನ್ ಎನ್ನುವುದು ರೂಢಿ. ಇಂಥ ಟವರುಗಳಲ್ಲಿ ಹೆಚ್ಚಿನವು ಈಗ ಉಳಿದಿಲ್ಲ. ಉಳಿದ ಕೆಲವನ್ನು ರೈಲು ಪ್ರೇಮಿಗಳ ಸಂಘಗಳು ಕಾಪಾಡಿಕೊಂಡು ಬಂದಿವೆ. ಟೆಕ್ಸಾಸ್‌ನ ರೋಸೆನ್‌ಬರ್ಗ್ ಪಟ್ಟಣದ ರೈಲು ವಸ್ತುಸಂಗ್ರಹಾಲಯದಲ್ಲಿ, 2004ರವರೆಗೆ ಕೆಲಸ ಮಾಡಿದ ‘ಟವರ್ 17’ ಅನ್ನು ಅದರ ಯಂತ್ರದ ಸಮೇತ ನೋಡಬಹುದು. ಪೆನ್ಸಿಲ್ವೇನಿಯಾದ ಹ್ಯಾರಿಸ್‌ಬರ್ಗ್‌ನ ‘ಹ್ಯಾರಿಸ್ ಟವರ್’ನಲ್ಲಿ ಹಳೆಯ ಯಂತ್ರವನ್ನು ಕಂಪ್ಯೂಟರಿಗೆ ಜೋಡಿಸಿ, ಸಂದರ್ಶಕರೇ ಲಿವರ್ ತಿರುಗಿಸಿ ಗಾಡಿಗಳಿಗೆ ದಾರಿ ಮಾಡಿಕೊಡುವಂತೆ ವ್ಯವಸ್ಥೆ ಮಾಡಲಾಗಿದೆ. ಆ ಭಾಗದಲ್ಲಿ ನೆಲೆಸಿರುವ ಕನ್ನಡಿಗರು ಮಕ್ಕಳನ್ನು ಕರೆದುಕೊಂಡು ಒಮ್ಮೆ ಹೋಗಿಬರುವುದು ಒಳ್ಳೆಯದು.

ಅಂಥ ಟವರಿಗೆ ಹೋಗುವವರಿಗೆ, ಅದರಲ್ಲೂ ಸ್ವಯಂಸೇವಕರಾಗಿ ಲಿವರ್ ಹಿಡಿಯಲು ಬಯಸುವವರಿಗೆ, ಈ ಯಂತ್ರವನ್ನು ಓದುವುದು ಹೇಗೆ, ಎಳೆಯುವುದು ಹೇಗೆ ಎಂದು ತಿಳಿಸುವುದಕ್ಕಾಗಿ ಇದನ್ನು ಬರೆದಿದ್ದೇನೆ. ಎಲ್ಲಕ್ಕಿಂತ ಮೊದಲು ತಿಳಿಯಬೇಕಾದದ್ದು ಇಷ್ಟು: ಯಂತ್ರಕ್ಕೆ ಗೊತ್ತಿರುವುದು ತನ್ನ ಲಿವರುಗಳ ಸ್ಥಿತಿ ಮಾತ್ರ, ಗಾಡಿ ಎಲ್ಲಿದೆ ಎಂಬುದು ಅದಕ್ಕೆ ಗೊತ್ತಿಲ್ಲ. ಒಂದಕ್ಕೊಂದು ವಿರುದ್ಧವಾದ ಎರಡು ಆಜ್ಞೆಗಳನ್ನು ಅದು ಎಂದೂ ಕೊಡಗೊಡುವುದಿಲ್ಲ, ಆದರೆ ಆಜ್ಞೆ ಕೊಡುವ ಹೊತ್ತು ಸರಿಯೇ ಎಂದು ನೋಡುವ ಹೊಣೆ ಆಪರೇಟರನದು.

ಯಂತ್ರ ಹುಟ್ಟಿದ ಬಗೆ

ರೈಲಿನ ಆರಂಭದ ದಶಕಗಳಲ್ಲಿ ಪ್ರತಿ ಪಾಯಿಂಟಿನ ಬಳಿಯೂ ಒಬ್ಬ ಆಳು ನಿಂತು ಕೈಯಿಂದಲೇ ಅದನ್ನು ತಿರುಗಿಸಬೇಕಾಗಿತ್ತು, ಮತ್ತು ಸಿಗ್ನಲಿಗೂ ಪಾಯಿಂಟಿಗೂ ಯಾವ ಸಂಬಂಧವೂ ಇರಲಿಲ್ಲ. ಪಾಯಿಂಟು ಒಂದು ದಾರಿಗೆ ಬಿದ್ದಿದ್ದರೂ ಸಿಗ್ನಲ್ ಇನ್ನೊಂದು ದಾರಿಗೆ ಅನುಮತಿ ಕೊಡುವುದು ಸಾಧ್ಯವಿತ್ತು. 1840ರ ದಶಕದಲ್ಲಿ ಲಂಡನ್ನಿನ ಬ್ರಿಕ್‌ಲೇಯರ್ಸ್ ಆರ್ಮ್ಸ್ ಜಂಕ್ಷನ್ನಿನಲ್ಲಿ ಚಾರ್ಲ್ಸ್ ಹಟನ್ ಗ್ರೆಗರಿ ಎಂಬ ಎಂಜಿನಿಯರ್ ಸಿಗ್ನಲುಗಳ ನಿಯಂತ್ರಣವನ್ನೆಲ್ಲ ಒಂದೇ ಕಡೆ ತಂದು, ಪರಸ್ಪರ ವಿರುದ್ಧವಾದ ಸಿಗ್ನಲುಗಳು ಒಟ್ಟಿಗೆ ಬೀಳದಂತೆ, ಅಂದರೆ ಒಟ್ಟಿಗೆ ಅನುಮತಿ ಕೊಡದಂತೆ, ಮಾಡಿದರು. ಪಾಯಿಂಟುಗಳು ಮಾತ್ರ ಆ ಏರ್ಪಾಡಿನ ಹೊರಗೇ ಉಳಿದವು. 1856ರಲ್ಲಿ ಜಾನ್ ಸ್ಯಾಕ್ಸ್‌ಬಿ ಪಾಯಿಂಟು ಮತ್ತು ಸಿಗ್ನಲ್ ಎರಡನ್ನೂ ಒಟ್ಟಿಗೆ ಚಲಿಸುವಂತೆ ಜೋಡಿಸಿ ಪೇಟೆಂಟ್ ಪಡೆದರು. ಇದು ದೊಡ್ಡ ಹೆಜ್ಜೆಯೇ ಆದರೂ ಅದರಲ್ಲಿ ಒಂದು ಕೊರತೆ ಇತ್ತು: ಎರಡೂ ಏಕಕಾಲಕ್ಕೆ ಚಲಿಸುವುದರಿಂದ, ಪಾಯಿಂಟು ಅರ್ಧದಲ್ಲಿ ಸಿಕ್ಕಿಕೊಂಡರೆ ಸಿಗ್ನಲ್ ಕೂಡ ಅರ್ಧ ಅನುಮತಿಯ ಸ್ಥಿತಿಯಲ್ಲಿ ನಿಲ್ಲುತ್ತಿತ್ತು. 1860ರಲ್ಲಿ ಆಸ್ಟಿನ್ ಚೇಂಬರ್ಸ್ ಇದಕ್ಕೆ ಪರಿಹಾರ ತೋರಿಸಿದರು. ಅವರ ಯಂತ್ರದಲ್ಲಿ ಪಾಯಿಂಟಿನ ಲಿವರ್ ತನ್ನ ಚಲನೆಯನ್ನು ಪೂರ್ತಿ ಮುಗಿಸಿದ ಮೇಲೆಯೇ ಸಿಗ್ನಲಿನ ಲಿವರ್ ಬಿಡುಗಡೆಯಾಗುತ್ತಿತ್ತು. ಒಂದಾದ ಮೇಲೆ ಒಂದು ಎಂಬ ಈ ಕ್ರಮವೇ ಇಂಟರ್‌ಲಾಕಿಂಗಿನ ಜೀವಾಳ, ಮತ್ತು ಮುಂದಿನ ನೂರು ವರ್ಷಗಳ ಯಂತ್ರಗಳೆಲ್ಲ ಇದರ ಮೇಲೆಯೇ ನಿಂತಿವೆ.

ಬ್ರಿಟನ್ನಿನಲ್ಲಿ ಇದು ಕಾನೂನಾಗಲು ಒಂದು ದುರಂತ ನಡೆಯಬೇಕಾಯಿತು. 1889ರ ಜೂನ್ 12ರಂದು ಐರ್ಲೆಂಡಿನ ಆರ್ಮಾ ಬಳಿ ವಿಹಾರಕ್ಕೆ ಹೊರಟಿದ್ದ ಗಾಡಿಯ ಡಬ್ಬಿಗಳು ಇಳಿಜಾರಿನಲ್ಲಿ ಹಿಂದಕ್ಕೆ ಜಾರಿ, ಹಿಂದೆ ಬರುತ್ತಿದ್ದ ಗಾಡಿಗೆ ಬಡಿದು ಸುಮಾರು 80 ಮಂದಿ ಸತ್ತರು. ಅದಕ್ಕೆ ಕಾರಣ ಬ್ರೇಕಿನ ಲೋಪವೇ ಹೊರತು ಪಾಯಿಂಟುಗಳಲ್ಲ. ಆದರೂ ಅದೇ ವರ್ಷ ಬಂದ ಶಾಸನ ಪ್ರಯಾಣಿಕರ ಮಾರ್ಗಗಳಲ್ಲಿ ನಿರಂತರ ಬ್ರೇಕು (ಎಲ್ಲ ಡಬ್ಬಿಗಳಿಗೂ ಒಟ್ಟಿಗೆ ಹಿಡಿಯುವ ಬ್ರೇಕು) ಮತ್ತು ಬ್ಲಾಕ್ ಪದ್ಧತಿಯ (ಹಳಿಯ ಒಂದು ಭಾಗದಲ್ಲಿ ಒಮ್ಮೆಗೆ ಒಂದೇ ಗಾಡಿ) ಜೊತೆಗೆ ಇಂಟರ್‌ಲಾಕಿಂಗನ್ನೂ ಕಡ್ಡಾಯಗೊಳಿಸಿತು.

ಅಮೆರಿಕದಲ್ಲಿ ಇದು ಹರಡಿದ ಬಗೆ ಬೇರೆ. ಅಲ್ಲಿ ಮೊದಲ ಯಂತ್ರವನ್ನು 1870ರಲ್ಲಿ ನ್ಯೂಜೆರ್ಸಿಯ ಟ್ರೆಂಟನ್ ಬಳಿ ಆಶ್‌ಬೆಲ್ ವೆಲ್ಚ್ ಅವರು ಹಾಕಿಸಿದರು. ಅದೇ ದಶಕದಲ್ಲಿ ಸ್ಯಾಕ್ಸ್‌ಬಿ ಅಂಡ್ ಫಾರ್ಮರ್ ಕಂಪನಿಯ ಯಂತ್ರಗಳೂ ಇಂಗ್ಲೆಂಡಿನಿಂದ ಬಂದವು. ನಮ್ಮ ದೇಶಕ್ಕೂ ಈ ಕಂಪನಿಯ ನಂಟಿದೆ. ಅದರ ಭಾರತೀಯ ಶಾಖೆಯ ಕಾರ್ಖಾನೆ ಕೋಲ್ಕತ್ತಾದಲ್ಲಿ ಇತ್ತು. ಅಮೆರಿಕದ ಬಯಲು ರಾಜ್ಯಗಳಲ್ಲಿ ಬೇರೆ ಬೇರೆ ಕಂಪನಿಗಳ ಮಾರ್ಗಗಳು ಒಂದೇ ಮಟ್ಟದಲ್ಲಿ ಪರಸ್ಪರ ದಾಟುವ ಕಡೆಗಳು ಬಹಳ. ಹಲವು ರಾಜ್ಯಗಳ ಕಾನೂನಿನ ಪ್ರಕಾರ ಅಂಥ ದಾಟುವಿಕೆಯ ಮುಂದೆ ಪ್ರತಿ ಗಾಡಿಯೂ ಪೂರ್ತಿ ನಿಂತು ಹೊರಡಬೇಕಿತ್ತು. ಇಂಟರ್‌ಲಾಕಿಂಗ್ ಇದ್ದರೆ ಮಾತ್ರ ನಿಲ್ಲದೆ ಹೋಗಬಹುದಿತ್ತು. ಭಾರದ ಸರಕು ಗಾಡಿಯೊಂದನ್ನು ನಿಲ್ಲಿಸಿ ಮತ್ತೆ ವೇಗಕ್ಕೆ ತರಲು ತಗಲುವ ಕಲ್ಲಿದ್ದಲು ಮತ್ತು ಸಮಯವನ್ನು ಲೆಕ್ಕ ಹಾಕಿದ ಕಂಪನಿಗಳಿಗೆ ಟವರ್ ಕಟ್ಟಿಸುವುದೇ ಲಾಭವೆಂದು ತೋರಿತು. ಸುರಕ್ಷತೆಯೂ ಉಳಿತಾಯವೂ ಒಂದೇ ದಿಕ್ಕಿಗೆ ಎಳೆದ ಅಪರೂಪದ ಸಂದರ್ಭ ಇದು.

ಮೊದಲು ಕೆಳಗಿನ ಅಂತಸ್ತು

ಟವರಿಗೆ ಹೋದವರು ನೇರ ಮೇಲಕ್ಕೆ ಹತ್ತಿ ಲಿವರ್ ಹಿಡಿಯಲು ಆತುರಪಡುತ್ತಾರೆ. ಅನುಮತಿ ಇದ್ದರೆ ಮೊದಲು ಕೆಳಗೆ ಹೋಗಿ ಎಂಬುದು ನನ್ನ ಸಲಹೆ. ಮೇಲಿನ ಲಿವರುಗಳ ಬುಡಗಳು ಇಲ್ಲಿ ಕಾಣುತ್ತವೆ. ಅವುಗಳಿಂದ ಹೊರಟ ಕೊಳವೆಗಳೂ ತಂತಿಗಳೂ ಗೋಡೆಯ ಕೆಳಗಿನಿಂದ ಹೊರಗೆ ಹರಿದುಹೋಗುತ್ತವೆ. ಪಾಯಿಂಟುಗಳನ್ನು ತಳ್ಳಲೂ ಬೇಕು, ಎಳೆಯಲೂ ಬೇಕು. ಆದ್ದರಿಂದ ಅವಕ್ಕೆ ಗಟ್ಟಿ ಕಬ್ಬಿಣದ ಕೊಳವೆ. ಕೈಮರವನ್ನು ಎಳೆದರೆ ಸಾಕು, ವಾಪಸು ತರಲು ಅದರ ಭಾರವೇ ಇದೆ. ಆದ್ದರಿಂದ ಅದಕ್ಕೆ ಹಲವೆಡೆ ತಂತಿಯನ್ನೇ ಬಳಸಿದರು.

ಕೊಳವೆಯ ಜಾಡು ಹಿಡಿದು ಹೊರಗೆ ನಡೆದರೆ ನಡುವೆ ಒಂದು ಕಡೆ ಎರಡು ಬಾಗಿದ ತೋಳುಗಳೂ ಅವನ್ನು ಕೂಡಿಸುವ ಸಣ್ಣ ಕೊಂಡಿಯೂ ಸಿಗುತ್ತವೆ. ಇದರ ಹೆಸರು ಕಾಂಪೆನ್ಸೇಟರ್. ಇದನ್ನು ಚೆನ್ನಾಗಿ ನೋಡಿ. 300 ಮೀಟರ್ ಉದ್ದದ ಕಬ್ಬಿಣದ ಕೊಳವೆ, ತಾಪಮಾನ 40 ಡಿಗ್ರಿ ಸೆಲ್ಸಿಯಸ್ ಏರಿದರೆ ಸುಮಾರು 14 ಸೆಂಟಿಮೀಟರ್ ಹಿಗ್ಗುತ್ತದೆ. ಪಾಯಿಂಟಿನ ನಾಲಿಗೆ ಹಳಿ ಒಂದು ಬದಿಯಿಂದ ಇನ್ನೊಂದು ಬದಿಗೆ ಚಲಿಸುವುದೇ ಸುಮಾರು 12 ಸೆಂಟಿಮೀಟರ್. ಹಾಗಾದರೆ ಚಳಿಗಾಲದಿಂದ ಬೇಸಿಗೆಗೆ ಬರುವಷ್ಟರಲ್ಲಿ, ಯಾರೂ ಲಿವರ್ ಮುಟ್ಟದೆಯೇ, ಬಿಸಿಲೊಂದೇ ಪಾಯಿಂಟನ್ನು ತಿರುಗಿಸಿಬಿಡಬಹುದಿತ್ತು. ಕಾಂಪೆನ್ಸೇಟರ್ ಕೊಳವೆಯ ನಡುವೆ ಕುಳಿತು ಚಲನೆಯ ದಿಕ್ಕನ್ನು ತಿರುವುಮುರುವು ಮಾಡುತ್ತದೆ: ಒಂದು ಕಡೆಯ ತಳ್ಳು ಇನ್ನೊಂದು ಕಡೆಗೆ ಎಳೆತವಾಗುತ್ತದೆ. ಎರಡೂ ಅರ್ಧಗಳು ಸಮನಾಗಿ ಹಿಗ್ಗಿದಾಗ ಎರಡೂ ತುದಿಗಳು ಈ ತೋಳುಗಳ ಕಡೆಗೇ ಬರುತ್ತವೆ, ತೋಳುಗಳು ಸ್ವಲ್ಪ ಓಲುತ್ತವೆ, ಪಾಯಿಂಟು ಮಾತ್ರ ಇದ್ದಲ್ಲೇ ಇರುತ್ತದೆ. ಮೋಟಾರಿಲ್ಲದ, ವಿದ್ಯುತ್ತಿಲ್ಲದ ಈ ಉಪಾಯದ ಮುಂದೆ ನಾನು ಎಷ್ಟು ಹೊತ್ತು ಬೇಕಾದರೂ ನಿಲ್ಲಬಲ್ಲೆ.

ಲಿವರುಗಳ ಬಣ್ಣ ಮತ್ತು ಸಂಖ್ಯೆ

ಮೇಲಂತಸ್ತಿಗೆ ಬಂದರೆ ಪ್ರತಿ ಲಿವರಿಗೂ ಒಂದು ಸಂಖ್ಯೆ, ಒಂದು ಬಣ್ಣ ಇರುವುದು ಕಾಣುತ್ತದೆ. ಸಾಮಾನ್ಯವಾಗಿ ಕೆಂಪು ನಿಲುಗಡೆಯ ಸಿಗ್ನಲಿಗೆ, ಹಳದಿ ಮುನ್ಸೂಚನೆ ಕೊಡುವ ಡಿಸ್ಟಂಟ್ ಸಿಗ್ನಲಿಗೆ, ಕಪ್ಪು ಪಾಯಿಂಟಿಗೆ, ನೀಲಿ ಪಾಯಿಂಟಿನ ಬೀಗಕ್ಕೆ, ಬಿಳಿ ಉಪಯೋಗದಲ್ಲಿ ಇಲ್ಲದ ಲಿವರಿಗೆ. ನಮ್ಮ ಹಳೆಯ ಕ್ಯಾಬಿನ್ನುಗಳನ್ನು ಕಂಡವರಿಗೆ ಇದು ಹೊಸದಲ್ಲ. ಲಿವರುಗಳ ಮೇಲ್ಗಡೆ ಹಳಿಗಳ ನಕ್ಷೆ ತೂಗುಹಾಕಿರುತ್ತದೆ, ಮತ್ತು ಅದರಲ್ಲಿ ಪ್ರತಿ ಪಾಯಿಂಟಿನ, ಪ್ರತಿ ಸಿಗ್ನಲಿನ ಪಕ್ಕದಲ್ಲಿ ಅದೇ ಸಂಖ್ಯೆ ಬರೆದಿರುತ್ತದೆ. ಲಿವರಿಗೆ ಎರಡೇ ಸ್ಥಿತಿ: ಸಾಲಿನಲ್ಲಿ ನಿಂತ ಸಹಜ ಸ್ಥಿತಿ, ಮತ್ತು ನಮ್ಮ ಕಡೆಗೆ ಎಳೆದ ಸ್ಥಿತಿ. ಎಲ್ಲ ಲಿವರುಗಳೂ ಸಹಜ ಸ್ಥಿತಿಯಲ್ಲಿದ್ದರೆ ನಿಲುಗಡೆಯ ಸಿಗ್ನಲುಗಳೆಲ್ಲ ನಿಲ್ಲು ಎನ್ನುತ್ತಿರುತ್ತವೆ.

ಒಂದು ದಾರಿ ಮಾಡಿಕೊಡುವ ಅಭ್ಯಾಸ

ಕಲಿಯುವುದಕ್ಕೆ ಒಂದು ಚಿಕ್ಕ ಜಂಕ್ಷನ್ ಸಾಕು. ಒಂಟಿ ಹಳಿಯ ಮುಖ್ಯ ಮಾರ್ಗದಿಂದ ಒಂದು ಕವಲು ಮಾರ್ಗ ಹೊರಡುತ್ತದೆ ಎಂದಿಟ್ಟುಕೊಳ್ಳೋಣ. ಕವಲೊಡೆಯುವ ಕಡೆಗೆ ಬರುವ ಗಾಡಿಗೆ ಮುಖ್ಯ ಮಾರ್ಗದ ಡಿಸ್ಟಂಟ್ 1, ಮುಖ್ಯ ಮಾರ್ಗಕ್ಕೆ ಹೋಗಲು ಸಿಗ್ನಲ್ 2, ಕವಲಿಗೆ ಹೋಗಲು ಸಿಗ್ನಲ್ 3. ಪಾಯಿಂಟಿನ ಬೀಗ 4, ಪಾಯಿಂಟು 5. ಎದುರು ದಿಕ್ಕಿನಿಂದ ಮುಖ್ಯ ಮಾರ್ಗದಲ್ಲಿ ಬರುವ ಗಾಡಿಗೆ ಸಿಗ್ನಲ್ 6, ಕವಲಿನಿಂದ ಬರುವ ಗಾಡಿಗೆ ಸಿಗ್ನಲ್ 7. ಪಾಯಿಂಟು ಸಹಜ ಸ್ಥಿತಿಯಲ್ಲಿ ಮುಖ್ಯ ಮಾರ್ಗಕ್ಕೆ ಬಿದ್ದಿರುತ್ತದೆ, 4ನ್ನು ಎಳೆದರೆ ಬೀಗ ಬೀಳುತ್ತದೆ ಎಂದು ಇಟ್ಟುಕೊಳ್ಳೋಣ.

ಕವಲಿಗೆ ಹೋಗುವ ಗಾಡಿ ಬರುತ್ತಿದೆ. ನೇರವಾಗಿ 3ನ್ನು ಎಳೆಯಲು ನೋಡಿ, ಬರುವುದಿಲ್ಲ. ಮೊದಲು 5ನ್ನು ಎಳೆದು ಪಾಯಿಂಟು ತಿರುಗಿಸಬೇಕು, ಆಮೇಲೆ 4ನ್ನು ಎಳೆದು ಬೀಗ ಹಾಕಬೇಕು, ಅದಾದ ಮೇಲೆ 3 ಬರುತ್ತದೆ. ಈಗ 5ನ್ನು ವಾಪಸು ತಳ್ಳಲು ನೋಡಿದರೆ 4 ಅದನ್ನು ಹಿಡಿದಿರುತ್ತದೆ, 4ನ್ನು ತಳ್ಳಲು ನೋಡಿದರೆ 3 ಹಿಡಿದಿರುತ್ತದೆ. ಗಾಡಿ ದಾಟಿದ ಮೇಲೆ ಬಂದ ದಾರಿಯಲ್ಲೇ ಹಿಂತಿರುಗಬೇಕು: 3, 4, 5. ಮುಖ್ಯ ಮಾರ್ಗದ ಗಾಡಿಗಾದರೆ ಪಾಯಿಂಟು ಮುಟ್ಟಬೇಕಿಲ್ಲ. 4, 2, 1 ಎಂದು ಎಳೆದು, 1, 2, 4 ಎಂದು ಹಿಂದಿರುಗಿಸಬೇಕು. ಡಿಸ್ಟಂಟ್ ಕೊನೆಗೆ ಬರುವುದಕ್ಕೆ ಕಾರಣ, ಮುಂದಿನ ಸಿಗ್ನಲ್ ಬಿದ್ದಿದೆ ಎಂದು ಚಾಲಕನಿಗೆ ದೂರದಿಂದಲೇ ಭರವಸೆ ಕೊಡುವುದು ಅದರ ಕೆಲಸ. ಮುಂದಿನದು ನಿಜವಾಗಿ ಬೀಳದೆ ಭರವಸೆ ಕೊಡುವಂತಿಲ್ಲ.

ಇಲ್ಲಿ ಒಂದು ಸೊಗಸನ್ನು ಗಮನಿಸಬೇಕು. 2 ಮತ್ತು 3 ಒಟ್ಟಿಗೆ ಬೀಳಬಾರದು. ಆದರೆ ಅವೆರಡರ ನಡುವೆ ನೇರವಾದ ಕಬ್ಬಿಣದ ತಡೆ ಬೇಕಾಗಿಯೇ ಇಲ್ಲ. 2ಕ್ಕೆ ಪಾಯಿಂಟು ಸಹಜವಾಗಿರಬೇಕು, 3ಕ್ಕೆ ಅದು ಎಳೆದಿರಬೇಕು. ಒಂದೇ ಪಾಯಿಂಟು ಎರಡೂ ಕಡೆ ಇರಲಾರದಾದ್ದರಿಂದ ತಡೆ ತಾನಾಗಿ ಒದಗುತ್ತದೆ. ಅದೇ ರೀತಿ 2 ಮತ್ತು 7, 3 ಮತ್ತು 6. ಆದರೆ 2 ಮತ್ತು 6 ಎರಡೂ ಒಂದೇ ಹಳಿಯಲ್ಲಿ ಎದುರುಬದುರು ದಿಕ್ಕಿನವು, ಎರಡಕ್ಕೂ ಪಾಯಿಂಟು ಒಂದೇ ಸ್ಥಿತಿಯಲ್ಲಿರುತ್ತದೆ. ಅವುಗಳ ನಡುವೆ ನೇರ ತಡೆ ಇರಲೇಬೇಕು. 3 ಮತ್ತು 7ರ ನಡುವೆಯೂ ಹಾಗೆಯೇ. ಹಳೆಯ ಎಂಜಿನಿಯರುಗಳು, ಯಾವ ಲಿವರ್ ಯಾವುದನ್ನು ತಡೆಯಬೇಕು ಎಂದು ತಿಳಿಸುವ ಲಾಕಿಂಗ್ ಪಟ್ಟಿ ಬರೆಯುವಾಗ ಈ ವಿಚಾರವನ್ನು ಹೀಗೆ ಜರಡಿ ಹಿಡಿದು, ಬೇಕಾದಷ್ಟೇ ತಡೆಗಳನ್ನು ಉಳಿಸಿಕೊಳ್ಳುತ್ತಿದ್ದರು. ಟವರಿನ ಗೋಡೆಯ ಮೇಲೆ ಆ ಪಟ್ಟಿ ಇದ್ದರೆ ನಕ್ಷೆಯ ಜೊತೆಗೆ ಇಟ್ಟುಕೊಂಡು ಓದಿ. ಒಂದು ತಡೆ ಯಾಕಿದೆ ಎಂಬುದಕ್ಕಿಂತ ಯಾಕಿಲ್ಲ ಎಂದು ಕೇಳಿಕೊಂಡರೆ ಬೇಗ ತಿಳಿಯುತ್ತದೆ.

ಕೈಯಲ್ಲಿ ಹಿಡಿದಾಗ

ಸ್ಯಾಕ್ಸ್‌ಬಿ ಅಂಡ್ ಫಾರ್ಮರ್ ಮಾದರಿಯ ಲಿವರಿನ ಹಿಡಿಯ ಹಿಂದೆ ಇನ್ನೊಂದು ಚಿಕ್ಕ ಹಿಡಿ ಇರುತ್ತದೆ. ಅದನ್ನು ಲ್ಯಾಚ್ ಎನ್ನುತ್ತಾರೆ. ದೊಡ್ಡ ಹಿಡಿಯ ಜೊತೆಗೆ ಅದನ್ನು ಹಿಸುಕಿದರೆ ಮಾತ್ರ ಲಿವರ್ ಚಲಿಸುತ್ತದೆ. ಲ್ಯಾಚಿನ ಕೆಲಸ ಇಷ್ಟೇ ಎಂದು ತಿಳಿಯಬೇಡಿ. ಇಂಟರ್‌ಲಾಕಿಂಗಿನ ಕಬ್ಬಿಣದ ಪಟ್ಟಿಗಳನ್ನು ಓಡಿಸುವುದು ಲಿವರ್ ಅಲ್ಲ, ಲ್ಯಾಚೇ. ಹಿಸುಕಿದ ಕ್ಷಣದಲ್ಲಿ, ಲಿವರ್ ಇನ್ನೂ ಒಂದು ಅಂಗುಲವೂ ಅಲ್ಲಾಡುವ ಮೊದಲೇ, ಅದಕ್ಕೆ ವಿರುದ್ಧವಾದ ಲಿವರುಗಳೆಲ್ಲ ಬಂಧನಕ್ಕೆ ಒಳಗಾಗುತ್ತವೆ. ಲಿವರ್ ಪೂರ್ತಿ ಬಂದು ಲ್ಯಾಚ್ ಕೊನೆಯ ಕಚ್ಚಿನಲ್ಲಿ ಬಿದ್ದ ಮೇಲೆಯೇ ಮುಂದಿನ ಲಿವರುಗಳಿಗೆ ಬಿಡುಗಡೆ. ನಡುವಿನ ಚಲನೆಯುದ್ದಕ್ಕೂ ಯಾವುದಕ್ಕೂ ಬಿಡುಗಡೆಯಿಲ್ಲ. ಚೇಂಬರ್ಸ್ ಬಯಸಿದ ಕ್ರಮ ಇದರಲ್ಲಿ ಪೂರ್ಣತೆಗೆ ಬಂದಿದೆ.

ಈ ಕಾರಣಕ್ಕೆ ಲಿವರ್ ಬಾರದಿದ್ದಾಗ ಯಾವ ಹಂತದಲ್ಲಿ ನಿಂತಿತು ಎಂಬುದನ್ನು ಕೈಯೇ ಹೇಳುತ್ತದೆ. ಲ್ಯಾಚೇ ಏಳದಿದ್ದರೆ ತಡೆ ಯಂತ್ರದೊಳಗಿದೆ. ಬೇರೆ ಯಾವುದೋ ಲಿವರ್ ಸರಿಯಾದ ಸ್ಥಿತಿಯಲ್ಲಿಲ್ಲ, ನಕ್ಷೆ ನೋಡಿ ಅದನ್ನು ಹುಡುಕಬೇಕು. ಲ್ಯಾಚ್ ಎದ್ದು, ಲಿವರ್ ಸ್ವಲ್ಪ ದೂರ ಬಂದು, ಪುಟಿಯುವಂತೆ ಹಿಂದಕ್ಕೆಳೆದರೆ ತಡೆ ಹೊರಗಿದೆ: ನಾಲಿಗೆ ಹಳಿಗೂ ಪಕ್ಕದ ಹಳಿಗೂ ನಡುವೆ ಜಲ್ಲಿಕಲ್ಲು ಸಿಕ್ಕಿರಬಹುದು, ಹಿಮ ಗಟ್ಟಿಯಾಗಿರಬಹುದು. ಎರಡರಲ್ಲಿ ಯಾವುದಾದರೂ ಸರಿ, ಬಲ ಹಾಕಕೂಡದು. ಮೊದಲನೆಯದರಲ್ಲಿ ಲಾಕಿಂಗಿನ ಭಾಗಗಳು ಸವೆಯುತ್ತವೆ, ಎರಡನೆಯದರಲ್ಲಿ ಕೊಳವೆ ಬಾಗುತ್ತದೆ.

ಎಳೆಯುವಾಗ ಲಿವರಿಗೆ ನೇರ ಎದುರಾಗಿ, ಒಂದು ಕಾಲು ಮುಂದೆ ಒಂದು ಕಾಲು ಹಿಂದೆ ಇಟ್ಟು ನಿಂತು, ತೋಳಿನ ಬಲದಿಂದಲ್ಲ, ಮೈಯ ಭಾರವನ್ನು ಹಿಂದಕ್ಕೆ ವಾಲಿಸಿ ಎಳೆಯಬೇಕು. ಪಾಯಿಂಟಿನ ಲಿವರ್ ಮೊದಲಿಂದ ಕೊನೆಯವರೆಗೂ ಒಂದೇ ಹದದಲ್ಲಿ ಭಾರ. ತಂತಿಯ ಸಿಗ್ನಲಿನದು ಮೊದಲು ಸಡಿಲವಾಗಿ ಬಂದು, ತಂತಿ ಬಿಗಿದ ಮೇಲೆ ಇದ್ದಕ್ಕಿದ್ದಂತೆ ಭಾರವಾಗುತ್ತದೆ. ವಾಪಸು ಬಿಡುವಾಗ ಅದು ತಾನಾಗಿ ನುಗ್ಗುತ್ತದೆ, ಆಗ ಕೈ ಬಿಡದೆ ಕೊನೆಯವರೆಗೂ ಹಿಡಿದೇ ಬಿಡಬೇಕು. ಮಕ್ಕಳು ಪಕ್ಕದಲ್ಲಿದ್ದರೆ ಅವರ ಕೈಗಳು ಬೇರೆ ಲಿವರುಗಳ ನಡುವೆ ಇಲ್ಲದಂತೆ ನೋಡಿಕೊಳ್ಳಿ.

ಯಂತ್ರಕ್ಕೆ ಗೊತ್ತಿಲ್ಲದ ಸಂಗತಿಗಳು

ಮೇಲಿನ ಜಂಕ್ಷನ್ನಿಗೆ ಮತ್ತೆ ಬನ್ನಿ. ಕವಲಿಗೆ ಹೋಗುವ ಗಾಡಿಯ ಎಂಜಿನ್ ಸಿಗ್ನಲ್ ದಾಟಿದೆ, ಡಬ್ಬಿಗಳು ಇನ್ನೂ ಪಾಯಿಂಟಿನ ಮೇಲಿವೆ. ಆಪರೇಟರ್ 3, 4, 5 ಎಂದು ಕ್ರಮವಾಗಿ ಹಿಂದಿರುಗಿಸಿದರೆ ಶುದ್ಧ ಯಾಂತ್ರಿಕ ಲಾಕಿಂಗ್ ಅದನ್ನು ತಡೆಯುವುದಿಲ್ಲ, ಏಕೆಂದರೆ ಲಿವರುಗಳ ಲೆಕ್ಕದಲ್ಲಿ ಅದು ಪೂರ್ತಿ ಸರಿ. ಆದರೆ ಗಾಡಿಯ ಮುಂದಿನ ಡಬ್ಬಿ ಕವಲಿಗೆ, ಹಿಂದಿನದು ಮುಖ್ಯ ಮಾರ್ಗಕ್ಕೆ ಹೋಗುತ್ತದೆ. ಇದನ್ನು ತಡೆಯಲು ಬಂದದ್ದು ಡಿಟೆಕ್ಟರ್ ಬಾರ್. ಹಳಿಗೆ ಅಂಟಿಕೊಂಡಂತೆ ಮಲಗಿರುವ ಈ ಉದ್ದನೆಯ ಕಬ್ಬಿಣದ ಪಟ್ಟಿ, ಬೀಗ ತೆರೆಯುವ ಮೊದಲು ಹಳಿಯ ಮಟ್ಟಕ್ಕಿಂತ ಮೇಲೆ ಏಳಲೇಬೇಕು. ಮೇಲೆ ಗಾಲಿ ಇದ್ದರೆ ಏಳಲಾರದು, ಬೀಗವೂ ತೆರೆಯಲಾರದು. ಎರಡು ಗಾಲಿಗಳ ನಡುವಿನ ಅತಿ ದೊಡ್ಡ ಅಂತರಕ್ಕಿಂತ ಅದು ಉದ್ದವಾಗಿರಬೇಕು, ಇಲ್ಲದಿದ್ದರೆ ಗಾಲಿಗಳ ನಡುವಿನ ಖಾಲಿಯಲ್ಲಿ ಎದ್ದುಬಿಡುತ್ತದೆ. ಡಬ್ಬಿಗಳು ಉದ್ದವಾದಂತೆ ಪಟ್ಟಿಯೂ ಉದ್ದವಾಗಬೇಕಾಯಿತು. ಕೊನೆಗೆ ವಿಲಿಯಂ ರಾಬಿನ್ಸನ್ 1872ರಲ್ಲಿ ಪೇಟೆಂಟ್ ಪಡೆದ ಟ್ರ್ಯಾಕ್ ಸರ್ಕ್ಯೂಟ್ ಅದರ ಜಾಗಕ್ಕೆ ಬಂತು. ಹಳಿಗಳಲ್ಲೇ ಸಣ್ಣ ವಿದ್ಯುತ್ ಹರಿಸಿ, ಗಾಲಿಗಳು ಅದನ್ನು ಅಡ್ಡಹಾಯಿಸಿದಾಗ ರಿಲೇ (ವಿದ್ಯುತ್ತು ಇರುವವರೆಗೆ ಎದ್ದು ನಿಲ್ಲುವ ಸ್ವಿಚ್ಚು) ಬೀಳುವಂತೆ ಮಾಡುವ ಈ ವಿಧಾನದಲ್ಲಿ, ತಂತಿ ಹರಿದರೂ ಬ್ಯಾಟರಿ ಸತ್ತರೂ ಗಾಡಿ ಇದೆ ಎಂದೇ ಸೂಚನೆ ಬರುತ್ತದೆ.

ಇನ್ನೊಂದು ಬಿರುಕು ಉಳಿದಿತ್ತು. ಸಿಗ್ನಲ್ ಕೊಟ್ಟಾಗಿದೆ, ಗಾಡಿ ವೇಗವಾಗಿ ಹತ್ತಿರ ಬಂದಿದೆ, ಆಪರೇಟರ್ ಮನಸ್ಸು ಬದಲಿಸಿ ಸಿಗ್ನಲ್ ವಾಪಸು ತೆಗೆದು ಪಾಯಿಂಟು ತಿರುಗಿಸುತ್ತಾನೆ. ಚಾಲಕನಿಗೆ ನಿಲ್ಲಿಸಲು ದೂರವೇ ಉಳಿದಿಲ್ಲ. ಇದಕ್ಕೆ ಅಪ್ರೋಚ್ ಲಾಕಿಂಗ್ ಮತ್ತು ಟೈಮ್ ಲಾಕ್ ಬಂದವು: ಸಿಗ್ನಲ್ ತೆಗೆದರೂ ನಿಗದಿತ ನಿಮಿಷಗಳು ಕಳೆಯುವವರೆಗೆ ಪಾಯಿಂಟಿನ ಲಿವರ್ ಬಿಡುಗಡೆಯಾಗುವುದಿಲ್ಲ. ಟವರಿನಲ್ಲಿ ಕೀಲಿ ಕೊಟ್ಟು ಬಿಡುವ ಗಡಿಯಾರದಂಥ ಪೆಟ್ಟಿಗೆ ಕಂಡರೆ ಅದು ಇದೇ.

ಹಳಿಯ ಮೇಲೆ ಕೆಲಸಗಾರರಿದ್ದಾರೆ, ಅಥವಾ ಡಬ್ಬಿಯೊಂದು ನಿಂತಿದೆ ಎಂಬಂಥ ಸಂದರ್ಭಗಳಿಗೆ ಲಿವರಿನ ಹಿಡಿಗೆ ಹಾಕುವ ಕಬ್ಬಿಣದ ಬಳೆ ಅಥವಾ ಅಡ್ಡತುಂಡು ಇರುತ್ತದೆ. ನಮ್ಮಲ್ಲಿ ಇದನ್ನು ಲಿವರ್ ಕಾಲರ್ ಎನ್ನುತ್ತಾರೆ. ನೆನಪನ್ನು ನಂಬಬೇಡಿ, ಅಭ್ಯಾಸದ ಆಟದಲ್ಲೂ ಅದನ್ನು ಹಾಕುವ ರೂಢಿ ಮಾಡಿಕೊಳ್ಳಿ.

ವಿದ್ಯುತ್ತಿನ ಯಂತ್ರಗಳು

ಎಲ್ಲ ಟವರುಗಳಲ್ಲೂ ಎದೆಯೆತ್ತರದ ಲಿವರುಗಳಿರುವುದಿಲ್ಲ. ಜಾರ್ಜ್ ವೆಸ್ಟಿಂಗ್‌ಹೌಸ್ 1881ರಲ್ಲಿ ಸ್ಥಾಪಿಸಿದ ಯೂನಿಯನ್ ಸ್ವಿಚ್ ಅಂಡ್ ಸಿಗ್ನಲ್ ಕಂಪನಿ, ವಿದ್ಯುತ್ತಿನಿಂದ ಕವಾಟ ತೆರೆದು ಒತ್ತಿದ ಗಾಳಿಯಿಂದ ಪಾಯಿಂಟು ತಿರುಗಿಸುವ ಯಂತ್ರಗಳನ್ನು ಮಾಡಿತು. ಹ್ಯಾರಿಸ್ ಟವರಿನ ‘ಮಾಡೆಲ್ 14’ ಈ ಕಂಪನಿಯದೇ. ಅದರಲ್ಲಿ ಲಿವರ್ ಎಂದರೆ ಅಂಗೈಯಲ್ಲಿ ಹಿಡಿದು ಎಡಬಲಕ್ಕೆ ತಿರುಗಿಸುವ ಸಣ್ಣ ಹಿಡಿ. ಲಾಕಿಂಗಿನ ಪಟ್ಟಿಗಳು ಗಾಜಿನ ಕೆಳಗೆ ಇನ್ನೂ ಕಬ್ಬಿಣದವೇ, ಆದರೆ ತೀರ ಚಿಕ್ಕವು.

ಇಲ್ಲಿ ಹೊಸ ಸಮಸ್ಯೆಯೊಂದು ಹುಟ್ಟಿತು. ಕೊಳವೆ ಇದ್ದಾಗ ಪಾಯಿಂಟು ಬೀಳದಿದ್ದರೆ ಕೈಗೇ ತಿಳಿಯುತ್ತಿತ್ತು. ತಂತಿಯ ಮೂಲಕ ಅಪ್ಪಣೆ ಹೋದರೆ ಅದು ನಡೆಯಿತೇ ಇಲ್ಲವೇ ಎಂದು ಹೇಗೆ ತಿಳಿಯಬೇಕು? ಜಾನ್ ಟೇಲರ್ ಎಂಬ ಸಂಶೋಧಕ ಇದಕ್ಕೆ ಕೊಟ್ಟ ಉತ್ತರ ಅಪೂರ್ವವಾದದ್ದು. ಪಾಯಿಂಟಿನ ಮೋಟಾರು ಕೆಲಸ ಮುಗಿಸಿದ ಮೇಲೂ ತನ್ನ ಓಟದ ವೇಗದಿಂದ ಕೆಲವು ಸುತ್ತು ತಿರುಗುತ್ತದೆಯಲ್ಲ, ಆ ಹೊತ್ತಿಗೆ ಅದೇ ಡೈನಮೋ ಆಗಿ ಹುಟ್ಟಿಸಿದ ವಿದ್ಯುತ್ತು ಟವರಿಗೆ ಹಿಂದಿರುಗಿ ಲಿವರಿನ ಕೊನೆಯ ಕಚ್ಚನ್ನು ಬಿಡಿಸುತ್ತದೆ. ಪಾಯಿಂಟು ಪೂರ್ತಿ ಬೀಳದಿದ್ದರೆ ಆ ವಿದ್ಯುತ್ತು ಹುಟ್ಟುವುದೇ ಇಲ್ಲ. ಆದ್ದರಿಂದ ಇಂಥ ಯಂತ್ರದಲ್ಲಿ ಲಿವರನ್ನು ಒಂದೇ ಏಟಿಗೆ ಕೊನೆಯವರೆಗೆ ತರಲು ಆಗದು: ನಡುವೆ ನಿಲ್ಲುತ್ತದೆ, ಸೂಚನೆ ಬರುವವರೆಗೆ ಕಾಯಬೇಕು, ಆಮೇಲೆ ಪೂರ್ತಿ ಮಾಡಬೇಕು.

1927ರಲ್ಲಿ ಒಹಾಯೊದ ಸ್ಟ್ಯಾನ್ಲಿ ಮತ್ತು ಬರ್ವಿಕ್ ನಡುವೆ ಕೇಂದ್ರೀಕೃತ ಸಂಚಾರ ನಿಯಂತ್ರಣ ಬಂದ ಮೇಲೆ, ದೂರದಲ್ಲಿ ಕುಳಿತ ಒಬ್ಬನೇ ಹಲವು ಜಂಕ್ಷನ್ನುಗಳನ್ನು ನಡೆಸುವುದು ಸಾಧ್ಯವಾಗಿ, ಟವರುಗಳು ಒಂದೊಂದಾಗಿ ಮುಚ್ಚತೊಡಗಿದವು.

ಮುಗಿಸುವ ಮುನ್ನ

ಸಂಗ್ರಹಾಲಯದ ಟವರಿನಲ್ಲಾದರೂ ಅಭ್ಯಾಸ ಮುಗಿದ ಮೇಲೆ ಯಂತ್ರವನ್ನು ಹಾಗೇ ಬಿಟ್ಟು ಇಳಿಯಬಾರದು. ಮೊದಲು ಸಿಗ್ನಲುಗಳು, ಆಮೇಲೆ ಬೀಗಗಳು, ಕೊನೆಗೆ ಪಾಯಿಂಟುಗಳು ಎಂಬ ಕ್ರಮದಲ್ಲಿ ಎಲ್ಲವನ್ನೂ ಸಹಜ ಸ್ಥಿತಿಗೆ ತಂದು, ಪ್ರತಿ ಲ್ಯಾಚ್ ಕಚ್ಚಿನಲ್ಲಿ ಕುಳಿತಿದೆಯೇ ಎಂದು ಕೈಯಿಂದ ಒತ್ತಿ ನೋಡಿ. ಕೈಮರಗಳು ಹೊರಗಿದ್ದರೆ ಅವು ನಿಲುಗಡೆಯ ಸ್ಥಿತಿಗೆ ಬಂದಿವೆಯೇ ಎಂದು ಕಿಟಕಿಯಿಂದ ಕಣ್ಣಾರೆ ಕಂಡುಕೊಳ್ಳಿ. ಲಿವರ್ ಸರಿಯಾಗಿದ್ದರೂ ಉದ್ದನೆಯ ತಂತಿ ಬಿಸಿಲಿಗೆ ಅಥವಾ ಚಳಿಗೆ ಹದ ತಪ್ಪಿರುವುದುಂಟು. ಪಾಳುಬಿದ್ದ ಟವರುಗಳನ್ನು ಮಾತ್ರ ಅನುಮತಿಯಿಲ್ಲದೆ ಹತ್ತಬೇಡಿ: ಮೆಟ್ಟಿಲುಗಳು ಶಿಥಿಲವಾಗಿರುತ್ತವೆ, ಪಕ್ಕದ ಹಳಿಗಳಲ್ಲಿ ಗಾಡಿಗಳು ಇಂದಿಗೂ ಓಡುತ್ತಿರುತ್ತವೆ. ಯಾವುದಾದರೂ ಕಾರಣಕ್ಕೆ ಒಂದು ಲಿವರ್ ಎಳೆದ ಸ್ಥಿತಿಯಲ್ಲೇ ಉಳಿಯಬೇಕಾಗಿದ್ದರೆ, ಅದರ ಮೇಲೆ ಕಾಲರ್ ಹಾಕಿ, ಕಾರಣವನ್ನು ಪುಸ್ತಕದಲ್ಲಿ ಬರೆದು, ನಿಮ್ಮ ನಂತರ ಬರುವವರಿಗೆ ಬಾಯಲ್ಲೂ ಹೇಳಿ, ಅವರು ಆ ಲಿವರಿನ ಸಂಖ್ಯೆಯನ್ನು ತಿರುಗಿ ಹೇಳಿದ ಮೇಲೆ ಮೆಟ್ಟಿಲಿಳಿಯಿರಿ.